ಫಿಯೆಟ್ 500: ಹಳೆಯ ಚಹರೆಯ ಪುಟ್ಟ ಕಾರಿನ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಕಾಸರಗೋಡಿನವರೆಗಿನ ನಮ್ಮ ಭಾಗದಲ್ಲಿ ಕಾರುಗಳ ಬಗ್ಗೆ ಆಸಕ್ತಿಯಿರುವವರು, ಅದರಲ್ಲೂ ಗಲ್ಫಿನಲ್ಲಿ ಈ ಕಾರನ್ನು ದಿನವೂ ಕಂಡು ರಜೆಗೆ ಊರಿಗೆ ಬಂದವರು, ಫಿಯೆಟ್ 500ರ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕಾರಿನ ಚರಿತ್ರೆಗೆ ಹೆಚ್ಚು ಜಾಗ ಕೊಡಲಾಗಿದೆ. ಇಲ್ಲಿ ಒಂದನ್ನು ಇಟ್ಟುಕೊಳ್ಳಬಯಸುವವರಿಗೆ ಬೇಕಾದ ವಿಚಾರಗಳು ಕೊನೆಯಲ್ಲಿವೆ.

ಫಿಯೆಟ್ 500 ಎಂಬ ಹೆಸರಿನಲ್ಲಿ ಬಂದಿರುವುದು ಒಂದೇ ಕಾರೇ, ಹಲವೇ?

ಹಲವು. ಇಟಲಿಯ ಟ್ಯೂರಿನ್ ನಗರದ ಫಿಯೆಟ್ ಕಂಪನಿ ಈ ಸಂಖ್ಯೆಯನ್ನು ಮೊದಲು ಬಳಸಿದ್ದು 1936ರಲ್ಲಿ. ಜನ ‘ಟೊಪೊಲಿನೊ’ ಎಂದು ಮುದ್ದಿನಿಂದ ಕರೆದ ಆ ಕಾರಿಗೆ ಮುಂಭಾಗದಲ್ಲಿ 569 ಸಿಸಿಯ, ನೀರಿನಿಂದ ತಣಿಯುವ ಎಂಜಿನ್ ಇತ್ತು. ಅದರ ತಯಾರಿಕೆ 1955ರವರೆಗೂ ನಡೆಯಿತು. ಎರಡನೆಯದು 1957ರ ‘ನುವೊವಾ 500’. ಚಿತ್ರಗಳಲ್ಲಿ, ಆಟಿಕೆಗಳಲ್ಲಿ, ಪ್ರವಾಸಿ ಪತ್ರಗಳಲ್ಲಿ ನಾವೆಲ್ಲ ಕಂಡಿರುವ ದುಂಡು ಕಾರು ಇದೇ. 1991ರಲ್ಲಿ ‘ಚಿಂಕ್ವೆಚೆಂತೊ’ (ಇಟಾಲಿಯನ್ನಿನಲ್ಲಿ ಐನೂರು) ಎಂಬ ಚೌಕಾಕಾರದ ಸಣ್ಣ ಕಾರು ಬಂತು. ಹೆಸರಿನ ಹೊರತು ರೂಪದಲ್ಲಿ ಅದು ಹಳೆಯದನ್ನು ನೆನಪಿಸುವಂತಿರಲಿಲ್ಲ. 1957ರ ಚಹರೆಯನ್ನೇ ಹೊತ್ತು ಬಂದದ್ದು 2007ರ ಕಾರು. 2020ರಲ್ಲಿ ಅದೇ ರೂಪದ ವಿದ್ಯುತ್ ಕಾರು ಸೇರಿಕೊಂಡಿತು. ಇಲ್ಲಿನ ಮಾತೆಲ್ಲ ಮುಖ್ಯವಾಗಿ 1957 ಮತ್ತು 2007ರ ಕಾರುಗಳ ಬಗ್ಗೆ, ಏಕೆಂದರೆ 2007ರದನ್ನು ಅರ್ಥಮಾಡಿಕೊಳ್ಳಲು 1957ರದು ತಿಳಿದಿರಲೇಬೇಕು.

1957ರ ಕಾರು ಯಾರಿಗಾಗಿ ಹುಟ್ಟಿತು?

ಸ್ಕೂಟರಿನಲ್ಲಿ ಹೋಗುತ್ತಿದ್ದ ಸಂಸಾರಕ್ಕಾಗಿ. ಎರಡನೆಯ ಮಹಾಯುದ್ಧದ ಬಳಿಕ ಇಟಲಿಯ ಸಾಮಾನ್ಯ ಕುಟುಂಬಗಳ ವಾಹನವೆಂದರೆ ವೆಸ್ಪಾ ಇಲ್ಲವೆ ಲ್ಯಾಂಬ್ರೆಟ್ಟಾ ಆಗಿತ್ತು. ಗಂಡ, ಹೆಂಡತಿ, ಮಧ್ಯೆ ಮಗು, ಮಳೆ ಬಂದರೆ ಮರದ ಕೆಳಗೆ ಆಸರೆ: ನಮ್ಮಲ್ಲಿ ಬಹುಕಾಲ ಕಂಡ ದೃಶ್ಯವೇ ಅಲ್ಲಿಯೂ ಇತ್ತು. ಫಿಯೆಟ್ 1955ರಲ್ಲಿ ತಂದ 600 ಮಾದರಿ ಚೆನ್ನಾಗಿ ಮಾರಾಟವಾದರೂ ಸ್ಕೂಟರಿನವರ ಕೈಗೆ ಸುಲಭವಾಗಿ ಎಟುಕುವಂತಿರಲಿಲ್ಲ. ಆದ್ದರಿಂದ ಅದಕ್ಕಿಂತಲೂ ಕಿರಿದಾದ, ಅಗ್ಗದ, ಆದರೆ ನಾಲ್ಕು ಚಕ್ರದ ನಿಜವಾದ ಕಾರೊಂದನ್ನು ರೂಪಿಸುವ ಕೆಲಸ ಎಂಜಿನಿಯರ್ ದಾಂತೆ ಜಿಯಾಕೊಸಾ ಅವರ ಪಾಲಿಗೆ ಬಂತು. ಟೊಪೊಲಿನೊ, 600 ಎರಡೂ ಅವರದೇ ಕೆಲಸ. 1957ರ ಜುಲೈ 4ರಂದು ನುವೊವಾ 500 ಹೊರಬಂದಾಗ ಅದರ ಉದ್ದ ಮೂರು ಮೀಟರಿಗೂ ಕಡಿಮೆ, ಎಂಜಿನ್ 479 ಸಿಸಿ, ಶಕ್ತಿ 13 ಅಶ್ವಶಕ್ತಿ, ಗರಿಷ್ಠ ವೇಗ ಗಂಟೆಗೆ ಸುಮಾರು 85 ಕಿಲೋಮೀಟರ್.

ಬಂದ ಕೂಡಲೇ ಅದು ಜನಪ್ರಿಯವಾಯಿತೇ?

ಇಲ್ಲ. ಮೊದಲ ತಿಂಗಳುಗಳಲ್ಲಿ ಮಾರಾಟ ಮಂದವಾಗಿತ್ತು. ವೆಚ್ಚ ಉಳಿಸುವ ಹಟದಲ್ಲಿ ಕಂಪನಿ ಕಾರನ್ನು ತೀರಾ ಬರಿದು ಮಾಡಿತ್ತು: ಬಾಗಿಲಿನ ಗಾಜು ಇಳಿಯುತ್ತಿರಲಿಲ್ಲ, ಮೂಲೆಯ ಪುಟ್ಟ ಗಾಜು ಮಾತ್ರ ತೆರೆಯುತ್ತಿತ್ತು, ಹಿಂದೆ ಸರಿಯಾದ ಆಸನವೂ ಇರಲಿಲ್ಲ. ಬಡವನಿಗಾಗಿ ಮಾಡಿದ ವಸ್ತು ಬಡತನವನ್ನು ಎತ್ತಿ ತೋರಿಸಿದರೆ ಅವನು ಅದನ್ನು ಕೊಳ್ಳುವುದಿಲ್ಲ ಎಂಬ ಪಾಠವನ್ನು ನಮ್ಮ ದೇಶವೂ ನ್ಯಾನೊ ಕಾರಿನ ಮೂಲಕ ಕಲಿತಿದೆ. ಫಿಯೆಟ್ ಅದೇ ವರ್ಷವೇ ಎಚ್ಚೆತ್ತು, ಇಳಿಯುವ ಗಾಜು, ಹೆಚ್ಚಿನ ಶಕ್ತಿ, ಒಂದಿಷ್ಟು ಹೊಳಪಿನ ಅಂಚುಗಳಿರುವ ಸುಧಾರಿತ ಮಾದರಿಯನ್ನು ತಂದಿತು. ಅಲ್ಲಿಂದ ಮುಂದೆ ಕಾರು ಹಿಂದಿರುಗಿ ನೋಡಲಿಲ್ಲ. 1959ರಲ್ಲಿ ಇಟಲಿಯ ಪ್ರತಿಷ್ಠಿತ ವಿನ್ಯಾಸ ಪ್ರಶಸ್ತಿಯಾದ ‘ಕೊಂಪಾಸೊ ದೊರೊ’ ಈ ಕಾರಿಗಾಗಿ ಜಿಯಾಕೊಸಾ ಅವರಿಗೆ ಸಂದಿತು.

ಎಂಜಿನನ್ನು ಹಿಂದೆ ಇಟ್ಟದ್ದೇಕೆ? ಚಾವಣಿಗೆ ಬಟ್ಟೆ ಹಾಕಿದ್ದೇಕೆ?

ಎರಡಕ್ಕೂ ಕಾರಣ ಮಿತವ್ಯಯ. ಎಂಜಿನ್ ಹಿಂದಿದ್ದು ಹಿಂದಿನ ಚಕ್ರಗಳನ್ನೇ ತಿರುಗಿಸಿದರೆ ಕಾರಿನ ಉದ್ದಕ್ಕೂ ಹಾಯುವ ಶಾಫ್ಟ್ ಬೇಕಿಲ್ಲ, ಅದಕ್ಕಾಗಿ ನೆಲವನ್ನು ಉಬ್ಬಿಸಬೇಕಿಲ್ಲ, ಮೂರು ಮೀಟರಿನೊಳಗೆ ಮನುಷ್ಯರಿಗೆ ಹೆಚ್ಚು ಜಾಗ ಸಿಗುತ್ತದೆ. ಎರಡು ಸಿಲಿಂಡರಿನ ಆ ಎಂಜಿನ್ ಗಾಳಿಯಿಂದ ತಣಿಯುತ್ತಿದ್ದುದರಿಂದ ರೇಡಿಯೇಟರ್, ನೀರಿನ ಪಂಪು, ರಬ್ಬರ್ ಕೊಳವೆಗಳ ಖರ್ಚೂ ಇರಲಿಲ್ಲ. ಪೆಟ್ರೋಲ್ ಟ್ಯಾಂಕ್ ಮತ್ತು ಹೆಚ್ಚುವರಿ ಚಕ್ರ ಮುಂದಿನ ಬಾನೆಟ್ಟಿನೊಳಗೆ ಸೇರಿದ್ದವು. ಎರಡೇ ಸಿಲಿಂಡರಿನ ಎಂಜಿನ್ ಜೋರಾಗಿ ಸದ್ದು ಮಾಡುತ್ತದೆ, ಅದುರುತ್ತದೆ. ಉಕ್ಕಿನ ಚಾವಣಿಯಡಿ ಆ ಸದ್ದು ಗುಂಯ್‌ಗುಡುತ್ತಿತ್ತು. ಮಡಚಬಹುದಾದ ಬಟ್ಟೆಯ ಚಾವಣಿ ಸದ್ದನ್ನು ಹೊರಬಿಟ್ಟಿತು, ಉಕ್ಕನ್ನು ಉಳಿಸಿತು, ಸುಮಾರು 500 ಕಿಲೋ ತೂಕದ ಕಾರನ್ನು ಇನ್ನಷ್ಟು ಹಗುರವಾಗಿಸಿತು. ಇಂದು ಚೆಲುವೆಂದು ಕಾಣುವ ದುಂಡುತನಕ್ಕೂ ಇಂಥದೇ ಹಿನ್ನೆಲೆಯಿದೆ: ತೆಳ್ಳನೆಯ ತಗಡನ್ನು ಬಾಗಿಸಿದಾಗ ಅದಕ್ಕೆ ಬಿಗಿ ಬರುತ್ತದೆ.

ಆ ಕಾರನ್ನು ಓಡಿಸುವ ಬಗೆ ಇಂದಿನ ಕಾರುಗಳಿಗಿಂತ ಎಷ್ಟು ಬೇರೆ?

ಬಹಳ ಬೇರೆ. ಚಾಲಕನ ಆಸನದ ಪಕ್ಕದಲ್ಲಿ, ಗೇರ್ ಕಡ್ಡಿಯ ಹಿಂದೆ, ನೆಲದ ಮೇಲೆ ಎರಡು ಪುಟ್ಟ ಸನ್ನೆಗಳು ಅಕ್ಕಪಕ್ಕದಲ್ಲಿರುತ್ತವೆ. ಒಂದು ಚೋಕ್, ಇನ್ನೊಂದು ಸ್ಟಾರ್ಟರ್. ಕೀಲಿ ತಿರುಗಿಸಿದ ಮಾತ್ರಕ್ಕೆ ಎಂಜಿನ್ ಚಾಲೂ ಆಗುವುದಿಲ್ಲ. ಕೀಲಿ ತಿರುಗಿಸಿ, ಬೆಳಗಿನ ತಂಪಿದ್ದರೆ ಚೋಕ್ ಎತ್ತಿ, ಆಮೇಲೆ ಸ್ಟಾರ್ಟರ್ ಸನ್ನೆಯನ್ನು ಮೇಲಕ್ಕೆಳೆಯಬೇಕು. ಎದುರಿಗೆ ಒಂದೇ ಒಂದು ದುಂಡು ಮೀಟರ್. ನಾಲ್ಕು ಗೇರುಗಳಿದ್ದರೂ ಇಂದಿನಂತೆ ತಾವಾಗಿ ಹೊಂದಿಕೊಳ್ಳುವ ವ್ಯವಸ್ಥೆ ಇಲ್ಲದ್ದರಿಂದ, ಗೇರ್ ಇಳಿಸುವಾಗ ಕ್ಲಚ್ಚನ್ನು ಎರಡು ಬಾರಿ ತುಳಿದು ನಡುವೆ ಎಂಜಿನಿನ ವೇಗವನ್ನು ಏರಿಸಿ ಹಲ್ಲುಗಳನ್ನು ಕೂಡಿಸಬೇಕಾಗುತ್ತದೆ. ಹಳೆಯ ಜೀಪು ಮತ್ತು ಲಾರಿಗಳನ್ನು ಮುಳ್ಳೇರಿಯ, ಅಡೂರು ಕಡೆಯ ಏರುಗಳಲ್ಲಿ ಓಡಿಸಿದ ಹಿರಿಯ ಚಾಲಕರಿಗೆ ಈ ವಿದ್ಯೆಯನ್ನು ಬಿಡಿಸಿ ಹೇಳಬೇಕಿಲ್ಲ.

ಬಾಗಿಲುಗಳು ತಿರುವುಮುರುವಾಗಿ ತೆರೆಯುತ್ತಿದ್ದವು ಎನ್ನುವುದು ನಿಜವೇ?

ನಿಜ. 1965ರವರೆಗಿನ ಮುಖ್ಯ ಮಾದರಿಗಳಲ್ಲಿ ಬಾಗಿಲಿನ ತಿರುಗಣಿ ಹಿಂಬದಿಗಿತ್ತು. ಹತ್ತಿ ಇಳಿಯಲು ಅನುಕೂಲವಾದರೂ, ಓಡುವಾಗ ಚಿಲಕ ಜಾರಿದರೆ ಗಾಳಿಯ ರಭಸಕ್ಕೆ ಬಾಗಿಲು ಪೂರ್ತಿ ತೆರೆದುಕೊಳ್ಳುವ ಅಪಾಯವಿತ್ತು. 1965ರ ‘500 ಎಫ್’ ಮಾದರಿಯಿಂದ ತಿರುಗಣಿ ಮುಂಬದಿಗೆ ಬಂತು.

ಅಷ್ಟು ಪ್ರೀತಿಯ ಕಾರಿನ ತಯಾರಿಕೆ ನಿಂತದ್ದು ಏಕೆ?

ಕಾಲ ಮೀರಿತ್ತು. 1972ರಲ್ಲಿ ಅದೇ ಯಂತ್ರಭಾಗಗಳ ಮೇಲೆ ಚೌಕ ಮೈಯ 126 ಮಾದರಿ ಬಂದಾಗ 500 ಹಳತಾಗಿ ಕಂಡಿತು. 594 ಸಿಸಿಯ ‘500 ಆರ್’ ರೂಪದಲ್ಲಿ ಮೂರು ವರ್ಷ ಮುಂದುವರಿದು, 1975ರಲ್ಲಿ ಸಿಸಿಲಿಯ ತೆರ್ಮಿನಿ ಇಮೆರೆಸೆ ಕಾರ್ಖಾನೆಯಿಂದ ಕೊನೆಯದು ಹೊರಬಿತ್ತು. ಅಷ್ಟರೊಳಗೆ ಸುಮಾರು 39 ಲಕ್ಷ ಕಾರುಗಳು ತಯಾರಾಗಿದ್ದವು.

ಹಳೆಯ ರೂಪವನ್ನು ಮರಳಿ ತರುವ ಯೋಚನೆ ಫಿಯೆಟ್‌ಗೆ ಏಕೆ ಬಂತು?

ಉಳಿವಿನ ಪ್ರಶ್ನೆಯಿಂದ. ಈ ಶತಮಾನದ ಆರಂಭದಲ್ಲಿ ಫಿಯೆಟ್ ಮುಳುಗುವ ಸ್ಥಿತಿಯಲ್ಲಿತ್ತು. ಕಂಪನಿಯ ದೀರ್ಘಕಾಲದ ಒಡೆಯ ಜಿಯಾನಿ ಆನ್ಯೆಲ್ಲಿ 2003ರಲ್ಲಿ ತೀರಿಕೊಂಡರು. 2004ರಲ್ಲಿ ಸೆರ್ಜಿಯೊ ಮಾರ್ಕಿಯೊನ್ನೆ ಮುಖ್ಯಸ್ಥರಾದರು. 2005ರಲ್ಲಿ ಜನರಲ್ ಮೋಟಾರ್ಸ್ ಜೊತೆಗಿನ ಒಪ್ಪಂದ ಮುರಿದುಬಿದ್ದು, ಅದರಿಂದ ಹೊರಬರಲು ಆ ಅಮೆರಿಕನ್ ಕಂಪನಿ ಸುಮಾರು 200 ಕೋಟಿ ಡಾಲರ್ ಕೊಡಬೇಕಾಯಿತು. ಇದೇ ಹೊತ್ತಿಗೆ, 2004ರ ಜಿನೀವಾ ಪ್ರದರ್ಶನದಲ್ಲಿ ಫಿಯೆಟ್ ‘ತ್ರೆಪಿಯುನೊ’ ಎಂಬ ಪುಟ್ಟ ಮಾದರಿಯೊಂದನ್ನು ಇಟ್ಟಿತ್ತು. ಮೂವರಿಗೆ ಸರಿಯಾಗಿ, ನಾಲ್ಕನೆಯವರಿಗೆ ಇಕ್ಕಟ್ಟಾಗಿ ಜಾಗವಿದ್ದ ಆ ಕಾರಿನಲ್ಲಿ 1957ರ ಚಹರೆ ಎದ್ದು ಕಾಣುತ್ತಿತ್ತು. ಜನರ ಸ್ವಾಗತ ನೋಡಿದ ಕಂಪನಿ ಅದನ್ನು ರಸ್ತೆಗೆ ತರಲು ನಿರ್ಧರಿಸಿತು. 2007ರ ಜುಲೈ 4ರಂದು, ಅಂದರೆ ಹಳೆಯ ಕಾರು ಹೊರಬಂದು ಸರಿಯಾಗಿ 50 ವರ್ಷ ತುಂಬಿದ ದಿನ, ಟ್ಯೂರಿನ್ನಿನ ಪೊ ನದಿಯ ದಂಡೆಯಲ್ಲಿ ಹೊಸ 500 ಬಿಡುಗಡೆಯಾಯಿತು.

ಹೊಸ ಕಾರಿನ ವಿನ್ಯಾಸ ಯಾರದು?

ತ್ರೆಪಿಯುನೊ ಮಾದರಿಯನ್ನು ರೂಪಿಸಿದವರು ಫಿಯೆಟ್ ವಿನ್ಯಾಸ ಕೇಂದ್ರದ ರೊಬೆರ್ತೊ ಜಿಯೊಲಿತೊ. ಅದು ಮಾರಾಟದ ಕಾರಾಗುವ ಹಂತದಲ್ಲಿ ವಿನ್ಯಾಸ ವಿಭಾಗದ ನೇತೃತ್ವ ಫ್ರಾಂಕ್ ಸ್ಟೀಫನ್‌ಸನ್ ಅವರದಾಗಿತ್ತು. ಬಿಎಂಡಬ್ಲ್ಯುವಿನ ಹೊಸ ಮಿನಿಯನ್ನು ರೂಪಿಸಿದ್ದವರೂ ಅವರೇ. ಹೀಗಾಗಿ ಇಬ್ಬರ ಹೆಸರನ್ನೂ ಹೇಳುವುದು ನ್ಯಾಯ.

ಹಳೆಯ ಕಾರಿಗೂ ಹೊಸದಕ್ಕೂ ಚಹರೆಯ ಹೊರತು ಏನಾದರೂ ಸಮಾನವಾಗಿದೆಯೇ?

ಯಂತ್ರದ ಮಟ್ಟದಲ್ಲಿ ಏನೂ ಇಲ್ಲ. ಈ ಕಾರಿನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದೂ ಇದೇ: ಹೊರಗಿನದನ್ನು ಉಳಿಸಿಕೊಳ್ಳಬೇಕಾದರೆ ಒಳಗಿನದೆಲ್ಲವನ್ನೂ ಬಿಟ್ಟುಕೊಡಬೇಕಾಯಿತು.

ಹಳೆಯದರಲ್ಲಿ ಎಂಜಿನ್ ಹಿಂದಿದ್ದುದರಿಂದಲೇ ಮುಂದೆ ಜಾಲರಿ ಇರಲಿಲ್ಲ. ಖಾಲಿ ಮೂತಿಯ ನಡುವೆ ಲಾಂಛನ, ಅದರ ಎರಡೂ ಬದಿಗೆ ಮೀಸೆಯಂಥ ಹೊಳೆಯುವ ಪಟ್ಟಿ ಮಾತ್ರ. ಹೊಸದರಲ್ಲಿ ಎಂಜಿನ್ ಮುಂದೆ ಬಂದಿದೆ, ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ, ಅದಕ್ಕೆ ರೇಡಿಯೇಟರ್ ಇದೆ, ರೇಡಿಯೇಟರಿಗೆ ಗಾಳಿ ಬೇಕು. ಆದರೂ ಮೂತಿ ಖಾಲಿಯಾಗಿಯೇ ಕಾಣಬೇಕೆಂದು ಗಾಳಿಯ ಬಾಯಿಯನ್ನು ಕೆಳಗೆ, ಬಂಪರಿನೊಳಗೆ ಇಟ್ಟು, ಮೇಲೆ ಅದೇ ಲಾಂಛನವನ್ನೂ ಅದೇ ಮೀಸೆಯನ್ನೂ ಉಳಿಸಿಕೊಂಡರು. ಹಿಂದೆ ಎಂಜಿನಿನ ಮುಚ್ಚಳವಿದ್ದ ಕಡೆ ಈಗ 185 ಲೀಟರಿನ ಡಿಕ್ಕಿ ಇದೆ.

ಒಳಗೆ ಕುಳಿತರೆ ಮೊದಲು ಕಣ್ಣಿಗೆ ಬೀಳುವುದು ಹೊರಮೈಯ ಬಣ್ಣವನ್ನೇ ಬಳಿದ ಡ್ಯಾಶ್‌ಬೋರ್ಡಿನ ಅಗಲ ಹಲಗೆ. 1957ರಲ್ಲಿ ಡ್ಯಾಶ್‌ಬೋರ್ಡ್ ಎಂದರೆ ಬಣ್ಣ ಹೊಡೆದ ಬರಿಯ ತಗಡು. ಅದಕ್ಕೆ ಹೊದಿಕೆ ಹಾಕುವ ಹಣ ಇರಲಿಲ್ಲ. 2007ರಲ್ಲಿ ಅದೇ ನೋಟವನ್ನು ಪ್ಲಾಸ್ಟಿಕ್ಕಿನಲ್ಲಿ ಮುತುವರ್ಜಿಯಿಂದ ಮೂಡಿಸಲಾಗಿದೆ. ಹಳೆಯ ಒಂಟಿ ಮೀಟರಿನ ನೆನಪಿಗಾಗಿ ಹೊಸದರಲ್ಲಿಯೂ ಒಂದೇ ವೃತ್ತವಿದೆ. ಹೊರಸುತ್ತಿನಲ್ಲಿ ವೇಗ, ಒಳಸುತ್ತಿನಲ್ಲಿ ಎಂಜಿನಿನ ತಿರುಗಾಟ, ನಡುವೆ ಇಂಧನ ಮತ್ತಿತರ ವಿವರಗಳು. ಅಂದು ಅಭಾವದಿಂದ ಬಂದ ರೂಪವನ್ನು ಇಂದು ಹಣ ತೆತ್ತು ಮಾಡಿಸಬೇಕಾಗಿದೆ ಎಂಬುದನ್ನು ಕೆಲವರು ದೋಷವೆಂದು ಹೇಳುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಮೂಲ ಕಾರಿನ ಅಳತೆ, ಅನುಪಾತ, ಮುಖಭಾವಗಳನ್ನು ಆಳವಾಗಿ ಅಭ್ಯಾಸ ಮಾಡದೆ ಇಂಥ ಕಾರು ಸಾಧ್ಯವಿಲ್ಲ, ಮತ್ತು ಇಂದಿನ ಸುರಕ್ಷತೆಯ ನಿಯಮಗಳಿಗೆ ಒಳಪಟ್ಟು 3.55 ಮೀಟರಿನೊಳಗೆ ಅದನ್ನು ಸಾಧಿಸಿರುವುದು ಸಣ್ಣ ಕೆಲಸವಲ್ಲ.

ಹೊಸ ಕಾರಿನ ಅಡಿಪಾಯ ಯಾವುದು?

ಎಂಜಿನ್, ಚಕ್ರಗಳನ್ನು ಹೊತ್ತ ತಳರಚನೆ 2003ರ ಫಿಯೆಟ್ ಪಾಂಡಾ ಎಂಬ ಸಣ್ಣ ಕಾರಿನದು. ಬಿಡುಗಡೆಯ ವೇಳೆಗೆ 1.2 ಮತ್ತು 1.4 ಲೀಟರಿನ ಪೆಟ್ರೋಲ್, 1.3 ಲೀಟರಿನ ಮಲ್ಟಿಜೆಟ್ ಡೀಸೆಲ್ ಎಂಜಿನುಗಳಿದ್ದವು. 2010ರಲ್ಲಿ 875 ಸಿಸಿಯ ‘ಟ್ವಿನ್‌ಏರ್’ ಸೇರಿತು. ಎರಡೇ ಸಿಲಿಂಡರ್ ಇರುವ ಅದು ಕೊನೆಗೂ 1957ರ ಸದ್ದಿನ ನೆನಪನ್ನು ಮರಳಿ ತಂದಿತು. 2008ರ ಎರಡನೆಯ ತಲೆಮಾರಿನ ಫೋರ್ಡ್ ಕಾ ಕೂಡ ಇದೇ ಅಡಿಪಾಯದ ಮೇಲೆ ಬಂದ ಕಾರು.

ಇಟಲಿಯ ಹೆಮ್ಮೆಯ ಕಾರನ್ನು ಪೋಲೆಂಡಿನಲ್ಲಿ ತಯಾರಿಸಿದ್ದೇಕೆ?

ಕೂಲಿಯ ವೆಚ್ಚ ಕಡಿಮೆ ಎಂಬುದು ಒಂದು ಕಾರಣ, ಅನುಭವ ಇನ್ನೊಂದು. ಪೋಲೆಂಡಿನ ತಿಖಿ ನಗರದ ಕಾರ್ಖಾನೆ 1970ರ ದಶಕದಿಂದಲೇ ಸಣ್ಣ ಕಾರುಗಳನ್ನು ಮಾಡಿಕೊಂಡು ಬಂದಿತ್ತು. ಮೂಲ 500ರ ಉತ್ತರಾಧಿಕಾರಿಯಾದ 126 ಅಲ್ಲಿ 2000ದವರೆಗೂ ತಯಾರಾಯಿತು. ಚಿಂಕ್ವೆಚೆಂತೊ, ಸೆಯಿಚೆಂತೊ, ಪಾಂಡಾ ಅಲ್ಲಿಯೇ ಆದವು. ವಂಶದ ಎಳೆ ಟ್ಯೂರಿನ್ನಿನಲ್ಲಿ ಕಡಿದಿದ್ದರೂ ತಿಖಿಯಲ್ಲಿ ಕಡಿದಿರಲಿಲ್ಲ. 2021ರ ವೇಳೆಗೆ ಅಲ್ಲಿಂದ 25 ಲಕ್ಷ ಹೊಸ 500 ಕಾರುಗಳು ಹೊರಬಂದಿದ್ದವು.

ಇದು ಹಳೆಯ ರೂಪದಲ್ಲಿ ಮರಳಿ ಬಂದ ಮಿನಿ ಮತ್ತು ಬೀಟಲ್ ಕಾರುಗಳ ಅನುಕರಣೆಯೇ?

ದಾರಿ ತೋರಿಸಿದವರು ಮುಂಚೆಯೇ ಇದ್ದರು. ಜಪಾನಿನ ನಿಸಾನ್ 1987ರಲ್ಲಿ ಬಿ-1, 1991ರಲ್ಲಿ ಫಿಗಾರೊ ಎಂಬ ಹಳೆಯ ಶೈಲಿಯ ಕಾರುಗಳನ್ನು ಮಿತ ಸಂಖ್ಯೆಯಲ್ಲಿ ಮಾಡಿತ್ತು. ಫೋಕ್ಸ್‌ವ್ಯಾಗನ್ನಿನ ನ್ಯೂ ಬೀಟಲ್ 1990ರ ದಶಕದ ಕೊನೆಗೆ, ಬಿಎಂಡಬ್ಲ್ಯು ಮಿನಿ 2001ರಲ್ಲಿ ಬಂದವು. ಆದರೆ ನ್ಯೂ ಬೀಟಲ್ ಗಾಲ್ಫ್ ಕಾರಿನ ಅಡಿಪಾಯದ ಮೇಲೆ ದೊಡ್ಡದಾಗಿ ಬೆಳೆಯಿತು, ಮಿನಿ ತಲೆಮಾರಿನಿಂದ ತಲೆಮಾರಿಗೆ ಹಿಗ್ಗುತ್ತ ಹೋಯಿತು. ಮೂರರಲ್ಲಿ ನಿಜವಾಗಿ ಸಣ್ಣದಾಗಿಯೇ ಉಳಿದದ್ದು 500. ನನ್ನ ಅಭಿಪ್ರಾಯದಲ್ಲಿ ಅದು ದೀರ್ಘಕಾಲ ಬಾಳಿದ್ದಕ್ಕೂ ಇದೇ ಕಾರಣ.

ಪ್ರಶಸ್ತಿಗಳೇನಾದರೂ ಬಂದಿವೆಯೇ?

2008ರ ಯುರೋಪಿನ ವರ್ಷದ ಕಾರು, 2009ರ ವಿಶ್ವ ಕಾರು ವಿನ್ಯಾಸ ಪ್ರಶಸ್ತಿ. ಯುರೋ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಐದು ನಕ್ಷತ್ರ. ಮೂಲ ಮಾದರಿಯ ಒಂದು 500 ಎಫ್ ಕಾರನ್ನು ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ 2017ರಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ.

ಭಾರತದಲ್ಲಿ ಇದು ಸಿಗುತ್ತಿತ್ತೇ?

2008ರಲ್ಲಿ 1.3 ಲೀಟರ್ ಡೀಸೆಲ್ ಎಂಜಿನಿನೊಡನೆ ಬಂದಿತ್ತು. ಪೋಲೆಂಡಿನಿಂದ ಪೂರ್ತಿ ಸಿದ್ಧವಾಗಿ ಬರುತ್ತಿದ್ದ ಕಾರಿಗೆ ಆಮದು ಸುಂಕ ಸೇರಿದಾಗ ಬೆಲೆ 15 ಲಕ್ಷ ರೂಪಾಯಿಯ ಹತ್ತಿರ ಹೋಯಿತು. ಆ ಹಣಕ್ಕೆ ದೊಡ್ಡ ಸೆಡಾನ್ ಸಿಗುತ್ತಿದ್ದ ಕಾಲದಲ್ಲಿ, ಆಲ್ಟೊಗಿಂತ ಕೂದಲೆಳೆಯಷ್ಟು ಉದ್ದವಾದ, ಎರಡೇ ಬಾಗಿಲಿನ ಕಾರನ್ನು ಕೊಂಡವರು ಕೆಲವೇ ಮಂದಿ. ಅದೇ ಹೊತ್ತಿಗೆ ಪುಣೆಯ ಬಳಿಯ ರಂಜನ್‌ಗಾಂವ್‌ನಲ್ಲಿ ಟಾಟಾ ಜೊತೆ ಸೇರಿ ಫಿಯೆಟ್ ಲಿನಿಯಾ, ಪುಂಟೊ ಕಾರುಗಳನ್ನು ಮಾಡುತ್ತಿತ್ತು. 500ನ್ನೂ ಅಲ್ಲಿಯೇ ಮಾಡಬಹುದಿತ್ತಲ್ಲ ಎಂಬ ಮಾತು ಇಂದಿಗೂ ಅಭಿಮಾನಿಗಳಲ್ಲಿದೆ. 2015ರಲ್ಲಿ ಅದರ ವೇಗದ ರೂಪವಾದ ಅಬಾರ್ತ್ 595 ಸುಮಾರು 30 ಲಕ್ಷ ರೂಪಾಯಿಗೆ ಬಂದಿತು. ಅದೂ ವಿರಳವಾಗಿಯೇ ಉಳಿಯಿತು.

ನಮ್ಮ ಹಿರಿಯರು ‘ಫಿಯೆಟ್’ ಎಂದು ಕರೆಯುತ್ತಿದ್ದ ಕಾರಿಗೂ ಇದಕ್ಕೂ ಸಂಬಂಧವಿದೆಯೇ?

ಮನೆತನ ಒಂದೇ, ಕಾರು ಬೇರೆ. ನಮ್ಮೂರುಗಳಲ್ಲಿ ಡಾಕ್ಟರುಗಳ, ಅಡಿಕೆ ವ್ಯಾಪಾರಿಗಳ ಮನೆಮುಂದೆ ನಿಲ್ಲುತ್ತಿದ್ದುದು ಫಿಯೆಟ್ 1100ರ ಭಾರತೀಯ ರೂಪ. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು ತಯಾರಿಸಿತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು. 500ಕ್ಕೂ ಅದಕ್ಕೂ ಬಿಡಿಭಾಗಗಳ ಹೊಂದಾಣಿಕೆ ಇಲ್ಲ.

ನಿಜವಾದ ನಂಟು ಇನ್ನೊಂದಿದೆ, ಅದನ್ನು ಬಹಳ ಮಂದಿ ಗಮನಿಸಿಲ್ಲ. ಹೊಸ 500ರಲ್ಲಿದ್ದ 1248 ಸಿಸಿಯ ಮಲ್ಟಿಜೆಟ್ ಡೀಸೆಲ್ ಎಂಜಿನಿನ ಕುಟುಂಬವೇ ಮಾರುತಿ ಸ್ವಿಫ್ಟ್, ಡಿಜೈರ್, ವಿಟಾರಾ ಬ್ರೆಝಾ, ಟಾಟಾ ಇಂಡಿಕಾ ವಿಸ್ತಾ ಕಾರುಗಳಲ್ಲಿಯೂ ಇತ್ತು. 2020ರಲ್ಲಿ ವಾಹನಗಳ ಹೊಗೆಯನ್ನು ಮಿತಿಗೊಳಿಸುವ ಬಿಎಸ್ 6 ನಿಯಮ ಬರುವವರೆಗೆ ಕುಂಬಳೆ, ಕಾಸರಗೋಡಿನ ಟ್ಯಾಕ್ಸಿ ನಿಲ್ದಾಣಗಳಲ್ಲಿ ಸಾಲುಗಟ್ಟಿದ್ದ ಡೀಸೆಲ್ ಡಿಜೈರುಗಳೆಲ್ಲ ಇಟಲಿಯಲ್ಲಿ ಹುಟ್ಟಿದ ಎಂಜಿನಿನಿಂದಲೇ ಓಡಿದವು.

ವಿದ್ಯುತ್ 500ರ ಕಥೆ ಏನು?

ಮೊದಲ ವಿದ್ಯುತ್ 500 ಅಮೆರಿಕದಲ್ಲಿ, ಮುಖ್ಯವಾಗಿ ಹೊಗೆಯುಗುಳದ ಕಾರುಗಳನ್ನೂ ಮಾರಬೇಕೆಂಬ ಕ್ಯಾಲಿಫೋರ್ನಿಯದ ಕಾನೂನನ್ನು ಪಾಲಿಸಲು, 2013ರಲ್ಲಿ ಬಂತು. ಒಂದೊಂದು ಕಾರಿಗೂ 14,000 ಡಾಲರ್ ನಷ್ಟವಾಗುತ್ತಿದೆ, ದಯವಿಟ್ಟು ಕೊಳ್ಳಬೇಡಿ ಎಂಬ ಅರ್ಥದ ಮಾತನ್ನು ಮಾರ್ಕಿಯೊನ್ನೆ 2014ರಲ್ಲಿ ಬಹಿರಂಗವಾಗಿಯೇ ಆಡಿದ್ದರು. 2020ರ ವಿದ್ಯುತ್ ಕಾರು ಹೊಸ ಅಡಿಪಾಯದ ಮೇಲೆ ಟ್ಯೂರಿನ್ನಿನ ಮಿರಾಫಿಯೊರಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ದೊಡ್ಡ ಬ್ಯಾಟರಿಯ ಸಾಮರ್ಥ್ಯ 42 ಕಿಲೋವ್ಯಾಟ್ ಅವರ್. ಅದರ ‘3+1’ ಮಾದರಿಯಲ್ಲಿ ಪ್ರಯಾಣಿಕರ ಬದಿಗೆ ಹಿಂಬದಿಯ ತಿರುಗಣಿಯ ಮೇಲೆ ತೆರೆಯುವ ಒಂದು ಕಿರುಬಾಗಿಲಿದೆ. ವಿದ್ಯುತ್ ಕಾರಿಗೆ ನಿರೀಕ್ಷಿಸಿದಷ್ಟು ಬೇಡಿಕೆ ಬಾರದೆ 2024ರಲ್ಲಿ ಕಾರ್ಖಾನೆ ಹಲವು ಬಾರಿ ಕೆಲಸ ನಿಲ್ಲಿಸಬೇಕಾಯಿತು. ತಿಖಿಯ ಪೆಟ್ರೋಲ್ ಕಾರು ಯುರೋಪಿನ ಹೊಸ ನಿಯಮಗಳಿಂದಾಗಿ ಅದೇ ವರ್ಷ ಅಲ್ಲಿನ ಮಾರುಕಟ್ಟೆಯಿಂದ ಸರಿಯಿತು. ಆ ಬಳಿಕ ಫಿಯೆಟ್ ವಿದ್ಯುತ್ ಕಾರಿಗೆಂದೇ ಮಾಡಿದ ಮೈಯೊಳಗೆ ಒಂದು ಲೀಟರಿನ ಪೆಟ್ರೋಲ್ ಎಂಜಿನ್ ಕೂರಿಸಿ, 2025ರ ಕೊನೆಗೆ ಹೈಬ್ರಿಡ್ 500ನ್ನು ಮಿರಾಫಿಯೊರಿಯಿಂದ ಹೊರತಂದಿತು.

ನಮ್ಮ ರಸ್ತೆಗಳಿಗೆ ಈ ಕಾರು ಒಗ್ಗುತ್ತದೆಯೇ?

ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಕಾಸರಗೋಡು ಪೇಟೆಯ ಇಕ್ಕಟ್ಟಿನಲ್ಲಿ ಏನೂ ತೊಂದರೆಯಿಲ್ಲ. ಸ್ಟೀರಿಂಗ್ ಹಗುರಗೊಳಿಸುವ ‘ಸಿಟಿ’ ಗುಂಡಿ ಪೇಟೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ತೋಟದ ಮನೆಗಳಿಗಿಳಿಯುವ ಕಡಿದಾದ ಕಾಂಕ್ರೀಟ್ ದಾರಿಯ ತುದಿಯಲ್ಲಿ, ಮಳೆಗಾಲ ಕೊರೆದ ಮುರಕಲ್ಲಿನ ರಸ್ತೆಯಲ್ಲಿ ಮುಂದಿನ ಬಂಪರ್ ತಾಗುತ್ತದೆ. ಹಿಂದಿನ ಆಸನ ಮಕ್ಕಳಿಗೆ ಸಾಕು, ದೊಡ್ಡವರಿಗೆ ಉದ್ದದ ಪ್ರಯಾಣ ಕಷ್ಟ. ಕಡಲತಡಿಯಲ್ಲಿ ಮನೆಯಿರುವವರು ಉಪ್ಪುಗಾಳಿಯಿಂದ ಅಡಿಮೈಗೆ ತುಕ್ಕು ಹಿಡಿಯದಂತೆ ಮಳೆಗಾಲಕ್ಕೆ ಮೊದಲೇ ಲೇಪನ ಮಾಡಿಸುವುದು ಒಳ್ಳೆಯದು.

ಬಳಸಿದ ಕಾರನ್ನು ಬೆಂಗಳೂರಿನಿಂದ ಅಥವಾ ಗಲ್ಫಿನಿಂದ ತರಬಹುದೇ?

ಕರ್ನಾಟಕದ ನೋಂದಣಿಯ ಕಾರನ್ನು ಕೊಂಡರೆ ಅಲ್ಲಿನ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಕೇರಳದ ತೆರಿಗೆ ಕಟ್ಟಿ ಕೆಎಲ್ 14 ಸಂಖ್ಯೆ ಪಡೆಯಬೇಕು. 2008ರಿಂದ 2010ರ ನಡುವೆ ಬಂದ ಕಾರುಗಳ 15 ವರ್ಷದ ನೋಂದಣಿ ಅವಧಿ ಮುಗಿದಿರುವುದರಿಂದ, ನವೀಕರಣವಾಗಿದೆಯೇ ಎಂದು ದಾಖಲೆಯಲ್ಲಿ ನೋಡಿಯೇ ಮುಂಗಡ ಕೊಡಿ. ಎಂಜಿನಿನ ಕೆಲಸವನ್ನು ಡೀಸೆಲ್ ಸ್ವಿಫ್ಟ್ ಬಲ್ಲ ಮೆಕ್ಯಾನಿಕ್ ನಿಭಾಯಿಸಬಲ್ಲರು. ದೀಪ, ಗಾಜು, ಬಂಪರ್, ಒಳಾಂಗಣದ ಪ್ಲಾಸ್ಟಿಕ್ ಭಾಗಗಳನ್ನು ಮಾತ್ರ ಹೊರದೇಶದಿಂದಲೇ ತರಿಸಬೇಕಾಗುತ್ತದೆ, ಆದ್ದರಿಂದ ಅವು ಒಡೆದಿರುವ ಕಾರು ಅಗ್ಗಕ್ಕೆ ಸಿಕ್ಕರೂ ಲಾಭವಿಲ್ಲ. ಗಲ್ಫಿನ ಕಾರುಗಳು ಎಡಬದಿಯ ಸ್ಟೀರಿಂಗಿನವು. ಭಾರತದ ಆಮದು ನಿಯಮ ಬಲಬದಿಯ ಸ್ಟೀರಿಂಗನ್ನು ಕಡ್ಡಾಯ ಮಾಡಿರುವುದರಿಂದ ದುಬೈಯಲ್ಲಿ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಅವುಗಳನ್ನು ಇಲ್ಲಿ ನೋಂದಾಯಿಸಿಕೊಳ್ಳಲು ಆಗುವುದಿಲ್ಲ.